ಆಸ್ಪತ್ರೆಯ ರೋಗಿ ಮತ್ತು ಅಪೌಷ್ಟಿಕತೆ: ಅಪಾಯವನ್ನು ಮೊದಲೇ ಗುರುತಿಸುವ ಕ್ರಮ

ಮಹಾರಾಷ್ಟ್ರದ ಥಾಣೆ ಜಿಲ್ಲೆಗೆ ಸೇರಿದ ನವಿ ಮುಂಬಯಿಯಲ್ಲಿ, ನೆರೂಳ್ ಮತ್ತು ಬೇಲಾಪುರಗಳ ನಡುವೆ, ಪಾಮ್ ಬೀಚ್ ರಸ್ತೆಯ ಮಗ್ಗುಲಿಗೆ ಸೀವುಡ್ಸ್ ಎಂಬ ವಸತಿ ಪ್ರದೇಶವಿದೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಯೋಜಿಸಿ ಕಟ್ಟಿದ ಈ ನಗರದಲ್ಲಿ ದೇಶದ ನಾನಾ ಭಾಗಗಳ ಜನರು ನೆಲೆಸಿದ್ದಾರೆ. ಉದ್ಯೋಗ, ವ್ಯಾಪಾರ ಮತ್ತು ಹೋಟೆಲ್ ವೃತ್ತಿಗಳನ್ನು ಅರಸಿ ಬಂದ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ಇಂತಹ ಅನೇಕ ಮನೆಗಳಿಗೆ ಊರಿನಿಂದ ವಯಸ್ಸಾದ ತಂದೆತಾಯಿಗಳು ಬಂದು ಕೆಲವು ತಿಂಗಳು ಇದ್ದು ಹೋಗುವುದುಂಟು. ಅವರಿಗೆ ಕಾಯಿಲೆಯಾದರೆ ನೆರೂಳ್, ಬೇಲಾಪುರ ಅಥವಾ ವಾಶಿಯ ಆಸ್ಪತ್ರೆಗಳೇ ಆಸರೆ.

ಅಂತಹ ಒಂದು ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಧಾರವಾಡದ ಕಡೆಯಿಂದ ಮಗನ ಮನೆಗೆ ಬಂದ 68 ವರ್ಷದ ಹಿರಿಯರೊಬ್ಬರಿಗೆ ಕೆಮ್ಮು ಮತ್ತು ಜ್ವರ ಹಿಡಿಯುತ್ತದೆ. ಬಾಯಿ ರುಚಿ ಕೆಡುತ್ತದೆ. ರೊಟ್ಟಿ, ಪಲ್ಯಗಳು ಬೇಡವಾಗಿ ಚಹಾ ಮತ್ತು ಬಿಸ್ಕತ್ತಿನಲ್ಲಿಯೇ ದಿನಗಳು ಕಳೆಯುತ್ತವೆ. ಜ್ವರ ಇಳಿಯದಿದ್ದಾಗ ಅವರನ್ನು ಆಸ್ಪತ್ರೆಗೆ ಸೇರಿಸಲಾಗುತ್ತದೆ. ರಕ್ತಪರೀಕ್ಷೆ, ಎಕ್ಸ್‌ರೇಗಳು ನಡೆದು ಶ್ವಾಸಕೋಶದ ಸೋಂಕಿಗೆ ಔಷಧಿ ಆರಂಭವಾಗುತ್ತದೆ. ಆದರೆ ಮೂರು ತಿಂಗಳ ಹಿಂದೆ 62 ಕಿಲೋಗ್ರಾಂ ಇದ್ದ ಅವರ ತೂಕವು ಈಗ 55 ಕಿಲೋಗ್ರಾಂಗೆ ಇಳಿದಿದೆ ಎಂಬ ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಮನೆಯವರು “ವಯಸ್ಸಾಯಿತು, ಸ್ವಲ್ಪ ಇಳಿದಿದ್ದಾರೆ” ಎಂದುಕೊಳ್ಳುತ್ತಾರೆ. ರೋಗಿಯು ಮೇಲ್ನೋಟಕ್ಕೆ ಅಸ್ಥಿಪಂಜರದಂತೆ ಕಾಣುವುದಿಲ್ಲವಾದ್ದರಿಂದ ಇತರರಿಗೂ ಸಂದೇಹ ಮೂಡುವುದಿಲ್ಲ.

ಈ ಏಳು ಕಿಲೋಗ್ರಾಂಗಳನ್ನು ಮೊದಲ ದಿನವೇ ಕಂಡುಹಿಡಿಯುವುದು ಹೇಗೆ ಮತ್ತು ಕಂಡುಹಿಡಿಯುವುದು ಏಕೆ ಅವಶ್ಯಕ ಎಂಬುದನ್ನು ಮುಂದೆ ವಿವರಿಸಲಾಗಿದೆ.

ರೋಗಕ್ಕೂ ಪೋಷಣೆಗೂ ಇರುವ ಸಂಬಂಧ

ಅಪೌಷ್ಟಿಕತೆ ಎಂದೊಡನೆ ಬರಗಾಲ, ಬಡತನ ಮತ್ತು ಸೊರಗಿದ ಮಕ್ಕಳ ಚಿತ್ರವೇ ಮನಸ್ಸಿಗೆ ಬರುವುದು ಸಹಜ. ಆದರೆ ಅನ್ನಕ್ಕೆ ಕೊರತೆಯಿಲ್ಲದ ಮನೆಯ ಸದಸ್ಯರೂ ಕಾಯಿಲೆಯ ಕಾರಣದಿಂದ ಅಪೌಷ್ಟಿಕತೆಗೆ ಗುರಿಯಾಗುತ್ತಾರೆ. ರೋಗವು ಹಸಿವನ್ನು ಕುಗ್ಗಿಸುತ್ತದೆ. ಬಾಯಿಹುಣ್ಣು, ವಾಕರಿಕೆ, ನುಂಗುವ ತೊಂದರೆ ಮತ್ತು ಭೇದಿಗಳು ತಿಂದ ಆಹಾರವೂ ಮೈಗೆ ಹತ್ತದಂತೆ ಮಾಡುತ್ತವೆ. ಸೋಂಕು, ಗಾಯ ಅಥವಾ ಶಸ್ತ್ರಚಿಕಿತ್ಸೆಯಿಂದ ದೇಹದಲ್ಲಿ ಉರಿಯೂತ ಉಂಟಾದಾಗ ಶರೀರವು ತನ್ನ ಸ್ನಾಯುಗಳನ್ನೇ ಕರಗಿಸಿ ಅಗತ್ಯವಾದ ಪ್ರೋಟೀನನ್ನು ಒದಗಿಸಿಕೊಳ್ಳುತ್ತದೆ. ಹಾಸಿಗೆ ಹಿಡಿದಿರುವುದರಿಂದ ಸ್ನಾಯುಗಳು ಮತ್ತಷ್ಟು ಕ್ಷೀಣಿಸುತ್ತವೆ.

ಇದರ ಪರಿಣಾಮವು ತೂಕದ ಇಳಿಕೆಯೊಂದಕ್ಕೇ ಸೀಮಿತವಲ್ಲ. ಉಸಿರಾಟಕ್ಕೆ ಮತ್ತು ಕೆಮ್ಮಿ ಕಫ ಹೊರಹಾಕುವುದಕ್ಕೆ ನೆರವಾಗುವ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಗಾಯವು ತಡವಾಗಿ ಮಾಯುತ್ತದೆ. ರೋಗನಿರೋಧಕ ಶಕ್ತಿ ಕುಂದಿ ಹೊಸ ಸೋಂಕುಗಳು ತಗಲುತ್ತವೆ. ಬೆನ್ನಿನಲ್ಲಿ ಹಾಸಿಗೆ ಹುಣ್ಣುಗಳು ಏಳುತ್ತವೆ. ರೋಗಿಯು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗಿ ಬಂದು ಕುಟುಂಬದ ಖರ್ಚೂ ಏರುತ್ತದೆ. ರೋಗವು ಹಸಿವನ್ನು ಕೊಲ್ಲುತ್ತದೆ, ಹಸಿವಿಲ್ಲದಿರುವಿಕೆಯು ರೋಗವನ್ನು ಬೆಳೆಸುತ್ತದೆ. ಈ ವಿಷಚಕ್ರವನ್ನು ಔಷಧಿಯೊಂದರಿಂದಲೇ ಮುರಿಯಲು ಸಾಧ್ಯವಿಲ್ಲ.

ಅರಿವು ಮೂಡಿದ ಬಗೆ

ಈ ವಿಷಯವು ವೈದ್ಯಶಾಸ್ತ್ರಕ್ಕೆ ತಿಳಿಯದ್ದೇನಲ್ಲ. 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ ಅವರು ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಪರಿಶೀಲಿಸಿದರು. ಶಸ್ತ್ರಚಿಕಿತ್ಸೆಗೆ ಮೊದಲೇ ತಮ್ಮ ತೂಕದ ಶೇಕಡಾ 20ಕ್ಕಿಂತ ಹೆಚ್ಚನ್ನು ಕಳೆದುಕೊಂಡಿದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಮರಣ ಹೊಂದಿದ್ದರು. ಅಷ್ಟು ತೂಕ ಕಳೆದುಕೊಳ್ಳದಿದ್ದವರಲ್ಲಿ ಮರಣದ ಪ್ರಮಾಣವು ಶೇಕಡಾ 3.5ರಷ್ಟು ಮಾತ್ರ ಇತ್ತು. 1974ರಲ್ಲಿ ಅಮೆರಿಕದ ಇನ್ನೊಬ್ಬ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು, ಆಸ್ಪತ್ರೆಯ ಒಳಗೇ ರೋಗಿಗಳು ಸೊರಗುತ್ತಿರುವುದನ್ನೂ ತೂಕ ಮತ್ತು ಎತ್ತರಗಳನ್ನು ಬರೆದಿಡುವ ಸರಳ ಕೆಲಸವೂ ನಡೆಯುತ್ತಿಲ್ಲವೆಂಬುದನ್ನೂ ಎತ್ತಿ ತೋರಿಸಿದರು.

ಬಳಿಕ ಪೋಷಣೆಯ ಸ್ಥಿತಿಯನ್ನು ಅಳೆಯುವ ವಿಧಾನಗಳು ರೂಪುಗೊಂಡವು. 1980ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ, ಭಾರತೀಯ ಮೂಲದ ವೈದ್ಯ ಖುರ್ಷಿದ್ ಜೀಜೀಭಾಯ್ ಅವರೂ ಇದ್ದ ತಂಡವು ರೋಗಿಯ ಇತಿಹಾಸ ಮತ್ತು ದೇಹಪರೀಕ್ಷೆಯ ಆಧಾರದ ಮೇಲೆಯೇ ಪೋಷಣೆಯ ಮಟ್ಟವನ್ನು ನಿರ್ಣಯಿಸುವ ಕ್ರಮವನ್ನು ಸಿದ್ಧಪಡಿಸಿತು. ಅದಕ್ಕೆ ದುಬಾರಿ ಯಂತ್ರವಾಗಲಿ ವಿಶೇಷ ರಕ್ತಪರೀಕ್ಷೆಯಾಗಲಿ ಬೇಕಾಗಿರಲಿಲ್ಲ. 2003ರಲ್ಲಿ ಬ್ರಿಟನ್ನಿನಲ್ಲಿ ‘ಮಸ್ಟ್’ ಎಂಬ ಅಂಕಪದ್ಧತಿಯು ಬಳಕೆಗೆ ಬಂದಿತು. ಭಾರತದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ಎನ್.ಎ.ಬಿ.ಎಚ್.ನ ಮಾನದಂಡಗಳಲ್ಲಿಯೂ, ದಾಖಲಾದ ರೋಗಿಗಳ ಪೋಷಣೆಯ ಅಪಾಯವನ್ನು ತಪಾಸಣೆ ಮಾಡಬೇಕೆಂಬ ಅಂಶವು ಸೇರಿದೆ.

ಮೂರು ಪ್ರಶ್ನೆಗಳು, ಮೂರು ಅಂಕಗಳು

ಆಸ್ಪತ್ರೆಗಳಲ್ಲಿ ‘ಸ್ಕ್ರೀನಿಂಗ್’ ಎಂದು ಕರೆಯಲಾಗುವ ಈ ಪ್ರಾಥಮಿಕ ತಪಾಸಣೆಯು ರೋಗನಿರ್ಣಯವಲ್ಲ. ಜರಡಿಯು ಕಾಳಿನಿಂದ ಕಲ್ಲನ್ನು ಬೇರ್ಪಡಿಸುವಂತೆ, ನೂರಾರು ರೋಗಿಗಳಲ್ಲಿ ಹೆಚ್ಚಿನ ಗಮನ ಬೇಕಾದವರನ್ನು ಇದು ಬೇಗನೆ ಆರಿಸಿಕೊಡುತ್ತದೆ. ದಾಖಲಾದ ಮೊದಲ ಒಂದೆರಡು ದಿನಗಳೊಳಗೆ ದಾದಿಯರು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಮಸ್ಟ್ ಪದ್ಧತಿಯಲ್ಲಿ ಮೂರು ಸಂಗತಿಗಳನ್ನು ನೋಡಲಾಗುತ್ತದೆ.

ಮೊದಲನೆಯದು, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬುದು. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕವು (ಬಿ.ಎಂ.ಐ.) ದೊರೆಯುತ್ತದೆ. ಇದು 20ಕ್ಕಿಂತ ಹೆಚ್ಚಿದ್ದರೆ ಸೊನ್ನೆ, 18.5ರಿಂದ 20ರವರೆಗೆ ಇದ್ದರೆ 1, 18.5ಕ್ಕಿಂತ ಕಡಿಮೆಯಿದ್ದರೆ 2 ಅಂಕಗಳು.

ಎರಡನೆಯದು, ಕಳೆದ 3ರಿಂದ 6 ತಿಂಗಳುಗಳಲ್ಲಿ ತಾನಾಗಿಯೇ ಇಳಿದ ತೂಕ. ಇಳಿಕೆಯು ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಸೊನ್ನೆ, ಶೇಕಡಾ 5ರಿಂದ 10ರಷ್ಟಿದ್ದರೆ 1, ಶೇಕಡಾ 10ನ್ನು ಮೀರಿದ್ದರೆ 2 ಅಂಕಗಳು.

ಮೂರನೆಯದು, ತೀವ್ರವಾದ ಕಾಯಿಲೆಯಿಂದಾಗಿ ರೋಗಿಯು ಐದು ದಿನಗಳಿಗಿಂತ ಹೆಚ್ಚು ಕಾಲ ಏನನ್ನೂ ತಿನ್ನದಿದ್ದರೆ ಅಥವಾ ಮುಂದೆ ಹಾಗಾಗುವ ಸಂಭವವಿದ್ದರೆ 2 ಅಂಕಗಳು.

ಒಟ್ಟು ಅಂಕ ಸೊನ್ನೆಯಾದರೆ ಅಪಾಯ ಕಡಿಮೆ, 1 ಆದರೆ ಮಧ್ಯಮ, 2 ಅಥವಾ ಹೆಚ್ಚಾದರೆ ಅಪಾಯ ಅಧಿಕವೆಂದು ತಿಳಿಯಲಾಗುತ್ತದೆ. ಅಪಾಯ ಕಡಿಮೆಯಿದ್ದವರನ್ನೂ ವಾರಕ್ಕೊಮ್ಮೆ ಮತ್ತೆ ತಪಾಸಣೆ ಮಾಡಬೇಕು. ಏಕೆಂದರೆ ಒಳ್ಳೆಯ ಸ್ಥಿತಿಯಲ್ಲಿ ದಾಖಲಾದವರೂ ಆಸ್ಪತ್ರೆಯಲ್ಲಿದ್ದಾಗ ಸೊರಗಬಹುದು. ಪರೀಕ್ಷೆಗಳಿಗಾಗಿ ಪದೇ ಪದೇ ಉಪವಾಸವಿರಬೇಕಾಗುವುದು, ಊಟದ ವೇಳೆಯಲ್ಲಿಯೇ ಸ್ಕ್ಯಾನಿಂಗ್‌ಗೆ ಕರೆದೊಯ್ಯುವುದು, ತಟ್ಟೆಯು ಕೈಗೆಟುಕದ ದೂರದಲ್ಲಿರುವುದು ಇವೆಲ್ಲ ಇದಕ್ಕೆ ಕಾರಣವಾಗುತ್ತವೆ.

ಮೇಲೆ ಹೇಳಿದ ಹಿರಿಯರ ಲೆಕ್ಕವನ್ನು ಈಗ ನೋಡಬಹುದು. ಅವರ ಎತ್ತರ 168 ಸೆಂಟಿಮೀಟರ್ ಎಂದಿಟ್ಟುಕೊಂಡರೆ 55 ಕಿಲೋಗ್ರಾಂ ತೂಕಕ್ಕೆ ಸೂಚ್ಯಂಕವು ಸುಮಾರು 19.5 ಆಗುತ್ತದೆ. ಇದಕ್ಕೆ 1 ಅಂಕ. 62ರಲ್ಲಿ 7 ಕಿಲೋಗ್ರಾಂ ಎಂದರೆ ಶೇಕಡಾ 11ಕ್ಕೂ ಹೆಚ್ಚಿನ ಇಳಿಕೆ. ಇದಕ್ಕೆ 2 ಅಂಕ. ಒಟ್ಟು 3 ಅಂಕಗಳು. ಅಂದರೆ ಮೇಲ್ನೋಟಕ್ಕೆ ‘ಸ್ವಲ್ಪ ಇಳಿದಿರುವ’ ಈ ವ್ಯಕ್ತಿಯು ಅಧಿಕ ಅಪಾಯದ ವರ್ಗಕ್ಕೆ ಸೇರುತ್ತಾರೆ.

ಸ್ಥೂಲಕಾಯದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. 156 ಸೆಂಟಿಮೀಟರ್ ಎತ್ತರದ ಮಹಿಳೆಯೊಬ್ಬರ ತೂಕವು ಕಾಯಿಲೆಯಿಂದ ನಾಲ್ಕು ತಿಂಗಳಲ್ಲಿ 78ರಿಂದ 68 ಕಿಲೋಗ್ರಾಂಗೆ ಇಳಿದರೆ ಬಂಧುಗಳು ಸಂತೋಷಪಡಲೂಬಹುದು. ಆಗಲೂ ಅವರ ಸೂಚ್ಯಂಕವು ಸುಮಾರು 28ರಷ್ಟಿರುತ್ತದೆ. ಆದರೆ ಇಳಿಕೆಯು ಶೇಕಡಾ 12ನ್ನು ಮೀರಿದೆ. ಅದೊಂದೇ ಕಾರಣದಿಂದ ಅವರೂ ಅಧಿಕ ಅಪಾಯದ ವರ್ಗಕ್ಕೆ ಬರುತ್ತಾರೆ. ಕೊಬ್ಬಿನ ಹೊದಿಕೆಯ ಕೆಳಗೆ ಕರಗುತ್ತಿರುವ ಸ್ನಾಯುವು ಕಣ್ಣಿಗೆ ಕಾಣುವುದಿಲ್ಲ.

ತೂಗಲಾಗದ ರೋಗಿಗಳು

ಎದ್ದು ನಿಲ್ಲಲಾಗದ ರೋಗಿಯ ಎತ್ತರವನ್ನು ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆಯ ಉದ್ದದಿಂದ ಅಂದಾಜು ಮಾಡುವ ಕೋಷ್ಟಕಗಳಿವೆ. ತೂಗುವುದು ಸಾಧ್ಯವಿಲ್ಲದಿದ್ದರೆ ಹೆಗಲು ಮತ್ತು ಮೊಣಕೈಗಳ ಮಧ್ಯಭಾಗದಲ್ಲಿ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆಯಲಾಗುತ್ತದೆ. ವಯಸ್ಕರಲ್ಲಿ ಇದು 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೂಚ್ಯಂಕವು 20ಕ್ಕಿಂತ ಕಡಿಮೆಯಿರುವ ಸಂಭವವಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅಳತೆಯೇ ಬೇರೆ. ಅವರಲ್ಲಿ ತೋಳಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಿಮೆಯಿರುವುದು ತೀವ್ರ ಅಪೌಷ್ಟಿಕತೆಯ ಲಕ್ಷಣ.

ತೂಕವು ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿಂದ ಕಾಲು ಬಾತು ಹೊಟ್ಟೆಯಲ್ಲಿ ನೀರು ತುಂಬಿದಾಗ ತಕ್ಕಡಿಯು ನೀರಿನ ಭಾರವನ್ನೂ ಸೇರಿಸಿ ತೋರಿಸುತ್ತದೆ. ಅದೇ ರೀತಿ ರಕ್ತದಲ್ಲಿನ ಆಲ್ಬುಮಿನ್ ಪ್ರಮಾಣವನ್ನು ನೋಡಿಯೇ ಪೋಷಣೆಯನ್ನು ನಿರ್ಧರಿಸುವುದು ಸರಿಯಲ್ಲ. ಸೋಂಕು ಮತ್ತು ಉರಿಯೂತಗಳಲ್ಲಿಯೂ ಆಲ್ಬುಮಿನ್ ಕಡಿಮೆಯಾಗುತ್ತದೆ. ಆದ್ದರಿಂದಲೇ ರೋಗಿಯನ್ನೂ ಅವರ ಮನೆಯವರನ್ನೂ ಕೇಳಿ ತಿಳಿಯುವುದಕ್ಕೆ ಪ್ರಾಮುಖ್ಯವಿದೆ.

ಗುರುತಿಸಿದ ನಂತರ ಮಾಡಬೇಕಾದುದು

ಅಂಕವನ್ನು ಬರೆದಿಟ್ಟು ಸುಮ್ಮನಾದರೆ ತಪಾಸಣೆಯಿಂದ ಪ್ರಯೋಜನವಿಲ್ಲ. ಅಪಾಯವಿದೆಯೆಂದು ತಿಳಿದ ರೋಗಿಯನ್ನು ಆಹಾರತಜ್ಞರು ವಿವರವಾಗಿ ಪರೀಕ್ಷಿಸಿ, ಎಷ್ಟು ಶಕ್ತಿ ಮತ್ತು ಪ್ರೋಟೀನು ಬೇಕೆಂದು ಲೆಕ್ಕಹಾಕಿ, ತಿನ್ನಲು ಅಡ್ಡಿಯಾಗಿರುವ ಕಾರಣವನ್ನು ವೈದ್ಯರೊಡನೆ ಚರ್ಚಿಸಬೇಕು. ಮೊದಲು ಸಾಮಾನ್ಯ ಆಹಾರವನ್ನೇ ಹೆಚ್ಚು ಸತ್ವಯುತವಾಗಿ ಮಾಡಲಾಗುತ್ತದೆ. ಸಾಲದಿದ್ದರೆ ಪೂರಕ ಪಾನೀಯಗಳನ್ನು ಕೊಡಲಾಗುತ್ತದೆ. ನುಂಗಲಾಗದವರಿಗೆ ಮೂಗಿನ ಮೂಲಕ ಜಠರಕ್ಕೆ ಇಳಿಸಿದ ಕೊಳವೆಯಿಂದ ಆಹಾರ ನೀಡಲಾಗುತ್ತದೆ. ಕರುಳು ಕೆಲಸ ಮಾಡದಿರುವಾಗ ಮಾತ್ರ ರಕ್ತನಾಳದ ಮೂಲಕ ಪೋಷಣೆಯನ್ನು ಒದಗಿಸಲಾಗುತ್ತದೆ.

ಇದರಿಂದ ಪ್ರಾಣ ಉಳಿಯುವುದೇ ಎಂಬ ಪ್ರಶ್ನೆಗೆ ಸ್ವಿಟ್ಜರ್‌ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು ಉತ್ತರ ನೀಡಿದೆ. ತಪಾಸಣೆಯಲ್ಲಿ ಅಪಾಯವಿದೆಯೆಂದು ಕಂಡುಬಂದ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿಗೆ ಆಸ್ಪತ್ರೆಯ ಸಾಮಾನ್ಯ ಊಟ, ಇನ್ನೊಂದಕ್ಕೆ ಆಹಾರತಜ್ಞರು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ರೂಪಿಸಿದ ಪೋಷಣೆ. ಮೂವತ್ತು ದಿನಗಳೊಳಗಿನ ಮರಣದ ಪ್ರಮಾಣವು ಮೊದಲ ಗುಂಪಿನಲ್ಲಿ ಸುಮಾರು ಶೇಕಡಾ 10, ಎರಡನೆಯದರಲ್ಲಿ ಸುಮಾರು ಶೇಕಡಾ 7.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಹುದಿನಗಳಿಂದ ಏನೂ ತಿನ್ನದ ರೋಗಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯಕಾರಿ. ಉಪವಾಸಕ್ಕೆ ಹೊಂದಿಕೊಂಡಿದ್ದ ದೇಹಕ್ಕೆ ದಿಢೀರನೆ ಪಿಷ್ಟಾಹಾರ ದೊರೆತಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಪ್ರಮಾಣಗಳು ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಡುಗಡೆಗೊಂಡ ಯುದ್ಧಕೈದಿಗಳಲ್ಲಿ ಇದನ್ನು ಕಾಣಲಾಗಿತ್ತು. ಆದ್ದರಿಂದ ಇಂತಹವರಿಗೆ ವೈದ್ಯರ ನಿಗಾದಲ್ಲಿ, ಥಯಾಮಿನ್ ಜೀವಸತ್ವದೊಡನೆ, ಅಲ್ಪ ಪ್ರಮಾಣದಲ್ಲಿ ಆಹಾರವನ್ನು ಆರಂಭಿಸಿ ಕ್ರಮೇಣ ಹೆಚ್ಚಿಸಲಾಗುತ್ತದೆ.

ಕ್ಷಯರೋಗ: ನಮ್ಮ ದೇಶದ ಅನುಭವ

ತೂಕ ನೋಡುವುದರ ಮಹತ್ವವನ್ನು ಭಾರತಕ್ಕೆ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟಿರುವುದು ಕ್ಷಯರೋಗ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಹೋದ್ಯೋಗಿಗಳೊಡನೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ವಿಸ್ತಾರವಾದ ಅಧ್ಯಯನವನ್ನು ನಡೆಸಿದರು. ಅದರ ಫಲಿತಾಂಶಗಳು 2023ರ ಆಗಸ್ಟಿನಲ್ಲಿ ಪ್ರಕಟವಾದವು. ಚಿಕಿತ್ಸೆ ಆರಂಭಿಸಿದ 2,800 ಕ್ಷಯರೋಗಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವರ ಸೂಚ್ಯಂಕವು 18.5ಕ್ಕಿಂತ ಕಡಿಮೆಯಿತ್ತು. ಅವರಿಗೆ ಔಷಧಿಯೊಡನೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ ಮತ್ತು ಎಣ್ಣೆಗಳಿದ್ದ 10 ಕಿಲೋಗ್ರಾಂ ಆಹಾರದ ಬುಟ್ಟಿಯನ್ನೂ ಜೀವಸತ್ವದ ಮಾತ್ರೆಗಳನ್ನೂ ನೀಡಲಾಯಿತು. ಮೊದಲ ಎರಡು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಮರಣದ ಸಂಭವವು ಶೇಕಡಾ 61ರಷ್ಟು ಕಡಿಮೆಯಿದ್ದುದು ಕಂಡುಬಂದಿತು. ಇದಲ್ಲದೆ, ಆಹಾರದ ನೆರವು ಪಡೆದ ಮನೆಗಳ ಇತರ ಸದಸ್ಯರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವ ಪ್ರಮಾಣವು ಶೇಕಡಾ 39ರಷ್ಟು ತಗ್ಗಿತು.

ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಆರಂಭಿಸಿದ ನಿಕ್ಷಯ್ ಪೋಷಣ್ ಯೋಜನೆಯಡಿ ಕ್ಷಯರೋಗಿಗಳಿಗೆ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿಗಳ ನೆರವು ದೊರೆಯುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗಳಿಗೆ ಏರಿಸಲಾಗಿದೆ. ಸೂಚ್ಯಂಕವು 18.5ಕ್ಕಿಂತ ಕಡಿಮೆಯಿರುವ ರೋಗಿಗಳಿಗೆ ಮೊದಲ ಎರಡು ತಿಂಗಳು ಹೆಚ್ಚು ಶಕ್ತಿಯುಳ್ಳ ಪೂರಕ ಆಹಾರವನ್ನು ನೀಡುವ ನಿರ್ಧಾರವನ್ನೂ 2024ರಲ್ಲಿ ಕೈಗೊಳ್ಳಲಾಯಿತು. ಈ ಸೌಲಭ್ಯ ಯಾರಿಗೆ ಸಲ್ಲಬೇಕೆಂಬುದನ್ನು ತೂಕ ಮತ್ತು ಎತ್ತರಗಳೇ ನಿರ್ಧರಿಸುತ್ತವೆ ಎಂಬುದು ಗಮನಾರ್ಹ.

ಗಂಜಿ, ಪಥ್ಯ ಮತ್ತು ಲೆಕ್ಕಾಚಾರ

ಜ್ವರ ಬಂದವರಿಗೆ ತಿಳಿಗಂಜಿಯೇ ಪಥ್ಯವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಗಂಜಿಯು ಸುಲಭವಾಗಿ ಜೀರ್ಣವಾಗುತ್ತದೆ ಮತ್ತು ನೀರಿನಂಶವನ್ನು ಒದಗಿಸುತ್ತದೆ ಎಂಬುದು ನಿಜ. ಆದರೆ ಅದೊಂದರಲ್ಲಿಯೇ ವಾರಗಟ್ಟಲೆ ಕಳೆಯುವುದು ಸರಿಯಲ್ಲ. 30 ಗ್ರಾಂ ಅಕ್ಕಿಯಿಂದ ಮಾಡಿದ ಒಂದು ಬಟ್ಟಲು ಗಂಜಿಯಲ್ಲಿ ಸುಮಾರು 105 ಕಿಲೋಕ್ಯಾಲೊರಿ ಶಕ್ತಿ ಮತ್ತು 2ರಿಂದ 2.5 ಗ್ರಾಂ ಪ್ರೋಟೀನು ಮಾತ್ರ ಇರುತ್ತವೆ. ದಿನಕ್ಕೆ ಐದು ಬಟ್ಟಲು ಕುಡಿದರೂ ಶಕ್ತಿಯು 525 ಕಿಲೋಕ್ಯಾಲೊರಿಯನ್ನೂ ಪ್ರೋಟೀನು 12 ಗ್ರಾಂಗಳನ್ನೂ ಅಷ್ಟೇನೂ ಮೀರುವುದಿಲ್ಲ. 55 ಕಿಲೋಗ್ರಾಂ ತೂಕದ ರೋಗಿಗೆ ದಿನಕ್ಕೆ ಸುಮಾರು 1,650 ಕಿಲೋಕ್ಯಾಲೊರಿ ಮತ್ತು 65 ಗ್ರಾಂ ಆಸುಪಾಸಿನಷ್ಟು ಪ್ರೋಟೀನು ಬೇಕಾಗಬಹುದು. ಎಂದರೆ ಅಗತ್ಯದ ಮೂರನೆಯ ಒಂದು ಭಾಗದಷ್ಟು ಶಕ್ತಿಯೂ ಐದನೆಯ ಒಂದು ಭಾಗದಷ್ಟು ಪ್ರೋಟೀನೂ ದೊರೆತಂತಾಗುವುದಿಲ್ಲ.

ಅದೇ ಗಂಜಿಯನ್ನು ಹೆಸರುಬೇಳೆ ಸೇರಿಸಿ ಬೇಯಿಸಿ ಒಂದು ಚಮಚ ತುಪ್ಪ ಹಾಕಿದರೆ, ರಾಗಿ ಅಂಬಲಿಗೆ ಹಾಲು ಅಥವಾ ಹಾಲಿನ ಪುಡಿ ಬೆರೆಸಿದರೆ ಅದರ ಸತ್ವವು ಎಷ್ಟೋ ಹೆಚ್ಚುತ್ತದೆ. ಮೊಸರನ್ನ, ತೊವ್ವೆ, ಶೇಂಗಾ ಪುಡಿ ಮತ್ತು ರೂಢಿಯಿರುವವರಿಗೆ ಮೊಟ್ಟೆ, ಮೀನು ಇವೂ ಉಪಯುಕ್ತ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು ಇರುತ್ತದೆ. ಹಸಿವಿಲ್ಲದವರಿಗೆ ಮೂರು ದೊಡ್ಡ ಊಟಗಳ ಬದಲು ಸ್ವಲ್ಪಸ್ವಲ್ಪವಾಗಿ ಆರು ಬಾರಿ ಕೊಡುವುದು ಲೇಸು. ಮಧುಮೇಹ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿರುವವರಿಗೆ ಯಾವ ಬದಲಾವಣೆಯನ್ನೂ ವೈದ್ಯರ ಸಲಹೆಯಂತೆಯೇ ಮಾಡಬೇಕು.

ಮನೆಯವರ ಹೊಣೆ

ತಪಾಸಣೆಯ ಯಶಸ್ಸು ಸರಿಯಾದ ಉತ್ತರಗಳನ್ನು ಅವಲಂಬಿಸಿದೆ. ನವಿ ಮುಂಬಯಿಯಂತಹ ನಗರದಲ್ಲಿ ದಾದಿಯರು ಮರಾಠಿ, ಹಿಂದಿ ಅಥವಾ ಮಲಯಾಳಂ ಮಾತನಾಡುವವರಾಗಿರಬಹುದು. ಊರಿನಿಂದ ಬಂದ ಹಿರಿಯರಿಗೆ ಕನ್ನಡವೊಂದೇ ಗೊತ್ತಿರಬಹುದು. ಊಟವಾಯಿತೇ ಎಂದು ಕೇಳಿದಾಗ ಅವರು ಸೌಜನ್ಯಕ್ಕೆ ತಲೆಯಾಡಿಸಿದರೆ ದಾಖಲೆಯಲ್ಲಿ ಆಹಾರ ಸರಿಯಾಗಿದೆ ಎಂದೇ ನಮೂದಾಗುತ್ತದೆ. ಆದ್ದರಿಂದ ಜೊತೆಯಲ್ಲಿರುವ ಮಗ, ಮಗಳು ಅಥವಾ ಸೊಸೆ ಈ ಕೆಳಗಿನ ವಿಷಯಗಳನ್ನು ತಿಳಿದಿದ್ದು ತಾವಾಗಿಯೇ ಹೇಳಬೇಕು.

1. ಮೂರರಿಂದ ಆರು ತಿಂಗಳ ಹಿಂದೆ ರೋಗಿಯ ತೂಕ ಎಷ್ಟಿತ್ತು? ಹಳೆಯ ಔಷಧಿ ಚೀಟಿಗಳಲ್ಲಿ ಅದು ಬರೆದಿರಬಹುದು.

2. ತೂಕ ಗೊತ್ತಿಲ್ಲದಿದ್ದರೆ, ಉಂಗುರ, ಬಳೆ, ಕೈಗಡಿಯಾರ, ರವಿಕೆ, ಅಂಗಿ ಅಥವಾ ಕಟ್ಟಿಸಿದ ಹಲ್ಲು ಸಡಿಲವಾಗಿವೆಯೇ?

3. ಮೊದಲು ತಿನ್ನುತ್ತಿದ್ದುದರಲ್ಲಿ ಈಗ ಅರ್ಧವೇ, ಕಾಲುಭಾಗವೇ? ಎಷ್ಟು ದಿನಗಳಿಂದ ಹೀಗಿದೆ?

4. ನುಂಗುವಾಗ ನೋವು, ಕೆಮ್ಮು, ವಾಕರಿಕೆ, ಭೇದಿ ಅಥವಾ ಮಲಬದ್ಧತೆ ಇದೆಯೇ?

5. ಮನೆಯಿಂದ ಏನನ್ನು ತಂದು ಕೊಡಲಾಗುತ್ತಿದೆ? ಇದನ್ನು ಮುಚ್ಚಿಡಬಾರದು.

ದಾಖಲಾದ ದಿನ ತೂಕ ನೋಡದಿದ್ದರೆ ನೋಡುವಂತೆ ವಿನಯದಿಂದ ಕೇಳುವುದು ರೋಗಿಯ ಕಡೆಯವರ ಹಕ್ಕು. ಮನೆಗೆ ಕಳುಹಿಸುವಾಗ ಔಷಧಿಯ ಚೀಟಿಯೊಡನೆ ಆಹಾರದ ಸೂಚನೆಯನ್ನೂ ಅಂದಿನ ತೂಕವನ್ನೂ ಬರೆಸಿಕೊಳ್ಳಬೇಕು. ವಯಸ್ಸಾದವರು ಊರಿಗೆ ಮರಳುವುದಾದರೆ ಆ ಚೀಟಿಯು ಅವರ ಜೊತೆಯಲ್ಲಿಯೇ ಹೋಗಬೇಕು. ಅಲ್ಲಿನ ವೈದ್ಯರಿಗೆ ಹೋಲಿಸಿ ನೋಡಲು ಆಧಾರವೊಂದು ಸಿಕ್ಕಂತಾಗುತ್ತದೆ.

ತಕ್ಕಡಿ, ಅಳತೆಯ ಟೇಪು ಮತ್ತು ಕೆಲವು ನಿಮಿಷಗಳ ವ್ಯವಧಾನ ಇವಿಷ್ಟೇ ಈ ತಪಾಸಣೆಗೆ ಬೇಕಾದ ಸಾಧನಗಳು. ಇವು ಹಳ್ಳಿಯ ಆರೋಗ್ಯ ಕೇಂದ್ರದಿಂದ ಮಹಾನಗರದ ದೊಡ್ಡ ಆಸ್ಪತ್ರೆಯವರೆಗೆ ಎಲ್ಲೆಡೆ ದೊರೆಯುತ್ತವೆ. ಔಷಧಿಯು ರೋಗದೊಡನೆ ಹೋರಾಡುತ್ತದೆ. ಆ ಹೋರಾಟದಲ್ಲಿ ದೇಹವು ತಾಳಿಕೊಂಡು ನಿಲ್ಲಬೇಕಾದರೆ ಅನ್ನವೂ ಬೇಕು. ರೋಗಿಯ ಜ್ವರವನ್ನು ದಿನವೂ ಬರೆದಿಡುವಷ್ಟೇ ಶ್ರದ್ಧೆಯಿಂದ ಅವರ ತೂಕವನ್ನೂ ಉಂಡ ತುತ್ತನ್ನೂ ಬರೆದಿಟ್ಟಾಗ, ಅನೇಕ ಹಿರಿಯರು ತಮ್ಮ ಕಾಲಮೇಲೆಯೇ ನಡೆದು ಮನೆಗೆ ಮರಳಬಲ್ಲರು.